"ಫ್ರೀಯಲ್ಲಿ ಪ್ರಪಂಚ ಸುತ್ತುವುದಲ್ವಾ?"

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಲ್ಲಿ ಸಿಕ್ಕವರೂ ಬದಿಯಡ್ಕದಲ್ಲಿ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರೂ ಕೇಳುವುದು ಒಂದನ್ನೇ: "ನಿನಗೆಂತ ಮಾರಾಯ, ಫ್ರೀಯಲ್ಲಿ ಪ್ರಪಂಚ ಸುತ್ತುವುದಲ್ವಾ? ಮೇಲಿಂದ ಸಂಬಳ ಬೇರೆ. ನಮ್ಮ ಹುಡುಗ ಒಳ್ಳೆ ಗಿಟಾರ್ ಬಾರಿಸ್ತಾನೆ, ಅವನನ್ನೂ ಒಮ್ಮೆ ಹಡಗು ಹತ್ತಿಸಬಹುದಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಕ್ರೂಸ್ ಹಡಗಿನಲ್ಲಿ ಒಬ್ಬನೇ ಕೂತು ಹಾಡುವ ಕೆಲಸ ಎಂಥದ್ದೆಂದು ಇಲ್ಲಿ ಬರೆದಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಫ್ರೀ ಅಲ್ಲ. ಸಾಮಾನ್ಯವಾಗಿ ರಾತ್ರಿಗೆ 45 ನಿಮಿಷದ ನಾಲ್ಕು ಸೆಟ್, ನಡುನಡುವೆ ಕಾಲು ಗಂಟೆ ಬಿಡುವು, ವಾರಕ್ಕೆ ಐದಾರು ರಾತ್ರಿ. ಕರಾರು ನಾಲ್ಕರಿಂದ ಆರು ತಿಂಗಳು. ಮಲಗುವ ಕೋಣೆ ಕೆಳಗಿನ ಅಂತಸ್ತಿನಲ್ಲಿ, ಹೆಚ್ಚಾಗಿ ಕಿಟಕಿ ಇರುವುದಿಲ್ಲ. ಹಡಗು ಬಂದರಿನಲ್ಲಿ ನಿಂತಿತೆಂದು ಎಲ್ಲರೂ ಇಳಿಯುವ ಹಾಗಿಲ್ಲ. ತುರ್ತು ಸಂದರ್ಭಕ್ಕೆ ಇಷ್ಟು ಸಿಬ್ಬಂದಿ ಒಳಗಿರಲೇಬೇಕು ಎಂಬ ಪಾಳಿ ಉಂಟು. ಆ ಪಟ್ಟಿಯಲ್ಲಿ ಹಾಡುಗಾರನ ಹೆಸರೂ ಬರುತ್ತದೆ. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಮಗುಚಿದ ಮೇಲೆ ನಿಯಮ ಬಿಗಿಯಾಯಿತು. ಈಗ ಹೊಸ ಪ್ರಯಾಣಿಕರಿಗೆ ಸುರಕ್ಷತೆಯ ಪಾಠ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ಆಗಬೇಕು. ಆ ಹೊತ್ತಿಗೆ ಗಿಟಾರ್ ಪೆಟ್ಟಿಗೆಯಲ್ಲಿ, ಹಾಡುಗಾರ ಮೆಟ್ಟಿಲ ಬಳಿ ನಿಂತು ಜನರಿಗೆ ದಾರಿ ತೋರಿಸುತ್ತಿರುತ್ತಾನೆ. ಇಷ್ಟು ದುಡಿದವನಿಗೆ "ಮಜಾ ಮಾಡಿ ಬಂದೆ" ಎಂದರೆ ಸಿಟ್ಟು ಬರುವುದಿಲ್ಲವೇ?

"ಅಲ್ಲಿ ಗಂಜಿ ಸಿಗ್ತದಾ ಮಗ?" ಎಂದು ಕೇಳುವ ಅಜ್ಜಿಯಂದಿರ ಪ್ರಶ್ನೆ ಇದಕ್ಕಿಂತ ಎಷ್ಟೋ ಮೇಲು. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತದ ಸಿಬ್ಬಂದಿ ಹೆಚ್ಚಿರುವ ಹಡಗಿನ ಮೆಸ್‌ನಲ್ಲಿ ಅನ್ನಕ್ಕೆ ಕೊರತೆ ಇಲ್ಲ ಅಜ್ಜಿ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಮಾತ್ರ ಊರಿಗೆ ಬಂದ ಮೇಲೆಯೇ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಕೋಟಿಕುಳ, ಪಾಲಕುನ್ನು ಕಡೆಯ ನಾವಿಕರ ಮನೆಗಳಲ್ಲಿ ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಪಾಸ್‌ಪೋರ್ಟ್, ಸಿಡಿಸಿ (ನಾವಿಕನ ಗುರುತು ಮತ್ತು ಸೇವೆಯ ದಾಖಲೆ ಪುಸ್ತಕ), ಡಿಜಿ ಶಿಪ್ಪಿಂಗ್ (ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ) ಒಪ್ಪಿದ ವೈದ್ಯರ ಸರ್ಟಿಫಿಕೇಟ್, ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರದ ಸುರಕ್ಷತಾ ಕೋರ್ಸುಗಳು. ಈ ಕೋರ್ಸಿನಲ್ಲಿ ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಹಾರಿ ಲೈಫ್‌ರಾಫ್ಟ್ ಹತ್ತುವುದು ಎಲ್ಲ ಇರುತ್ತದೆ. ಅಮೆರಿಕದ ಬಂದರಿಗೆ ಹೋಗುವ ಹಡಗಾದರೆ ಹಡಗಿನ ಸಿಬ್ಬಂದಿಗೆ ಕೊಡುವ ಸಿ1/ಡಿ ವೀಸಾ; ನಮ್ಮ ಜಿಲ್ಲೆಯವರಿಗೆ ಸಂದರ್ಶನ ಸಾಮಾನ್ಯವಾಗಿ ಚೆನ್ನೈಯಲ್ಲಿ.

ಆದರೆ ದುಡ್ಡಿನ ವಿಷಯ ಗಟ್ಟಿಯಾಗಿ ಹೇಳಲೇಬೇಕು. ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಹಣ ತೆಗೆದುಕೊಳ್ಳುವುದು ತಪ್ಪು. 2006ರ ಸಾಗರ ಕಾರ್ಮಿಕ ಒಪ್ಪಂದ ಹಾಗೆಂದು ಹೇಳುತ್ತದೆ, ಭಾರತ ಅದನ್ನು 2015ರಲ್ಲಿ ಅನುಮೋದಿಸಿದೆ. ವೈದ್ಯಕೀಯ ಸರ್ಟಿಫಿಕೇಟ್, ಸಿಡಿಸಿ, ಪಾಸ್‌ಪೋರ್ಟ್ ಇವುಗಳ ಖರ್ಚನ್ನು ನಮ್ಮ ಮೇಲೆ ಹಾಕಬಹುದು. ವೀಸಾದ ಖರ್ಚು ಹಡಗಿನವರದ್ದು. ಏಜೆಂಟನ ಆರ್‌ಪಿಎಸ್‌ಎಲ್ (ನಾವಿಕರನ್ನು ಕೆಲಸಕ್ಕೆ ಸೇರಿಸಲು ಕೊಡುವ ಸರ್ಕಾರಿ ಪರವಾನಗಿ) ಲೈಸೆನ್ಸ್ ನಂಬರ್ ಕೇಳಿ, ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಿ. ಲಕ್ಷಗಟ್ಟಲೆ ಕೊಟ್ಟು ಮಗನನ್ನು ಹತ್ತಿಸಲು ತೋಟ ಅಡವಿಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಈಗ ಯಾರೂ ಕೇಳದ ಪ್ರಶ್ನೆಗೆ ಬರೋಣ. ಆ ಹುಡುಗ ವಾರಕ್ಕೆ ಐದಾರು ರಾತ್ರಿ ಅದೇ ಜನರ ಎದುರು ಎಂತ ಹಾಡುತ್ತಾನೆ? ಇದನ್ನು ಕೇಳಿ ಸ್ವಾಮೀ, ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ.

ಲೆಕ್ಕ ಹಾಕಿ. ಒಂದು ಸೆಟ್‌ಗೆ 10–11 ಹಾಡು, ರಾತ್ರಿಗೆ 40ಕ್ಕೂ ಮೇಲೆ. ಆರು ರಾತ್ರಿಗೆ ಸುಮಾರು 250. ಮದುವೆ ರಿಸೆಪ್ಶನ್ನಿನ ಜನ ಒಂದು ಸಲ ಕೇಳಿ ಹೋಗುತ್ತಾರೆ. ಇಲ್ಲಿ ಅದೇ ದಂಪತಿ ಅದೇ ಮೇಜಿಗೆ ದಿನಾ ಬರುತ್ತಾರೆ, ನಿನ್ನೆಯ ಹಾಡು ನೆನಪಿಟ್ಟಿರುತ್ತಾರೆ. ಹಾಗಾಗಿ 150ಕ್ಕಿಂತ ಕಡಿಮೆ ಹಾಡು ಗೊತ್ತಿದ್ದರೆ ಹೊರಡಲೇಬೇಡಿ. ಅಲಾಸ್ಕಾ ಕಡೆಯ ಹಡಗಿನಲ್ಲಿ ನಿವೃತ್ತರು ಹೆಚ್ಚು, ಅವರಿಗೆ ಬೇಕಾದ್ದು 1960–70ರ ದಶಕದ್ದು. ಕೆರಿಬಿಯನ್ ಕಡೆ ಕಂಟ್ರಿ ಮತ್ತು ರೆಗ್ಗೆ ಶೈಲಿಯ ಹಾಡು ಗೊತ್ತಿರಬೇಕು. ಮೆಡಿಟರೇನಿಯನ್ನಿನಲ್ಲಿ ಇಟಾಲಿಯನ್, ಸ್ಪ್ಯಾನಿಷ್ ಹಾಡು ನಾಲ್ಕಾದರೂ ಬಾಯಿಗೆ ಬರಬೇಕು. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಹಡಗಾದರೆ ಹಿಂದಿ ಬೇಕೇ ಬೇಕು, ಜೊತೆಗೆ ಮಲಯಾಳ, ತಮಿಳು, ಕನ್ನಡ. ಮನೆಯಲ್ಲೂ ಶಾಲೆಯಲ್ಲೂ ಪೇಟೆಯಲ್ಲೂ ಬೇರೆ ಬೇರೆ ಭಾಷೆ ಆಡುತ್ತಾ ಬೆಳೆದ ನಮ್ಮ ಜಿಲ್ಲೆಯ ಮಕ್ಕಳಿಗೆ ಇಲ್ಲಿ ನಿಜವಾದ ಲಾಭ ಉಂಟು, ಅದನ್ನು ಯಾರೂ ಗಮನಿಸುವುದಿಲ್ಲ.

ಹಾಡಿನ ಸಾಹಿತ್ಯ, ಗಿಟಾರಿನ ಸ್ವರಗುಚ್ಛ (ಕಾರ್ಡ್ಸ್) ಎಲ್ಲ ಟ್ಯಾಬ್ಲೆಟ್ಟಿನೊಳಗೇ ಇರಬೇಕು. ನಡುಸಮುದ್ರದಲ್ಲಿ ಇಂಟರ್‌ನೆಟ್ ನಂಬಿ ಕೂತರೆ ಎರಡನೇ ಚರಣದಲ್ಲಿ ಪರದೆ ಖಾಲಿ.

ಆಮೇಲೆ ಗಂಟಲು. ನಮ್ಮ ಕಡೆ ಇಡೀ ರಾತ್ರಿಯ ಯಕ್ಷಗಾನ ಆಟದಲ್ಲೂ ಭಾಗವತರು ಬದಲಾಗುತ್ತಾರೆ. ಹಡಗಿನ ಒಂಟಿ ಹಾಡುಗಾರನಿಗೆ ಬದಲಿ ಇಲ್ಲ. ಅದಕ್ಕೆ ಪ್ರತಿ ಹಾಡಿಗೂ ಎರಡು ಶ್ರುತಿ ಗುರುತು ಮಾಡಿಡಬೇಕು, ಮೊದಲ ಸೆಟ್ಟಿಗೊಂದು, ನಾಲ್ಕನೆಯದ್ದಕ್ಕೊಂದು. ಕ್ಯಾಪೋ (ಗಿಟಾರಿನ ಕತ್ತಿಗೆ ಕಚ್ಚಿಸುವ ಕ್ಲಿಪ್) ನಾಲ್ಕನೇ ಫ್ರೆಟ್ಟಿನಲ್ಲಿಟ್ಟು (ಫ್ರೆಟ್ ಎಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಜಿ ಆಕಾರದಲ್ಲಿ ಬಾರಿಸಿದರೆ ಹಾಡು ಬಿ ಶ್ರುತಿಯಲ್ಲಿರುತ್ತದೆ. ಕ್ಯಾಪೋವನ್ನು ಎರಡಕ್ಕೆ ಇಳಿಸಿದರೆ ಬೆರಳು ಬದಲಿಸದೆ ಎ ಶ್ರುತಿಗೆ ಬರುತ್ತದೆ. ಬಿಡುವಿನಲ್ಲಿ ಬಾರ್ ಗದ್ದಲದ ನಡುವೆ ಗಟ್ಟಿಯಾಗಿ ಮಾತಾಡಿದರೆ ಹಾಡಿದ್ದಕ್ಕಿಂತ ಬೇಗ ಸ್ವರ ಕೂರುತ್ತದೆ. ಎಸಿ ಗಾಳಿ ಒಣಗಿಸುತ್ತದೆ. ಕೋಣೆಯಲ್ಲಿ ಕೆಟಲ್ ಇಡಲು ಸಾಮಾನ್ಯವಾಗಿ ಬಿಡುವುದಿಲ್ಲ, ಮೆಸ್‌ನಿಂದ ಬಿಸಿನೀರು ತುಂಬಿಸಲು ಫ್ಲಾಸ್ಕ್ ಒಯ್ಯಿರಿ. ಮೈಕ್ ನಿಮ್ಮದೇ ಇರಲಿ; ಒಬ್ಬರ ಕೆಮ್ಮು ಹಡಗಿಡೀ ಹರಡುವುದಕ್ಕೆ ಎರಡು ದಿನ ಸಾಕು.

ಗಿಟಾರಿನ ಗತಿಯೂ ಅಷ್ಟೇ. ಲೌಂಜಿನ ಒಣ ಗಾಳಿಗೆ ಮರ ಕುಗ್ಗಿ ತಂತಿ ಫ್ರೆಟ್ಟಿಗೆ ತಾಗಿ ಗುಂಯ್‌ಗುಡುತ್ತದೆ. ಈಜುಕೊಳದ ಬಳಿಯ ತೇವಕ್ಕೆ ಉಬ್ಬಿ ತಂತಿ ಮೇಲೇಳುತ್ತದೆ. ಪೆಟ್ಟಿಗೆಯೊಳಗೆ ತೇವವನ್ನು ಹದದಲ್ಲಿಡುವ ಪ್ಯಾಕೆಟ್ ಇಡಿ. ಟ್ರಸ್ ರಾಡಿನ (ಗಿಟಾರಿನ ಕತ್ತಿನ ಬಾಗು ಸರಿಪಡಿಸುವ ಒಳಗಿನ ಸರಳು) ಕೀ ಇರಲಿ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ; ಹತ್ತು ದಿನಕ್ಕೊಮ್ಮೆ ಬದಲಿಸಿದರೆ ಆರು ತಿಂಗಳಿಗೆ 18 ಸೆಟ್ ಬೇಕು. ಹಡಗಿನಲ್ಲಿ ಕರೆಂಟು ಅನೇಕ ಕಡೆ 110 ವೋಲ್ಟ್, 60 ಹರ್ಟ್ಸ್. ಅಡಾಪ್ಟರಿನ ಮೇಲೆ 100–240 ಎಂದು ಬರೆದಿದೆಯೇ ನೋಡಿಕೊಳ್ಳಿ. ಸರ್ಜ್ ಪ್ರೊಟೆಕ್ಟರ್ (ಕರೆಂಟು ಒಮ್ಮೆಲೇ ಏರುವುದನ್ನು ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಶನ್ ಬೋರ್ಡು ಮಾತ್ರ ಬೇಡ. ಹಡಗಿನ ವಯರಿಂಗ್ ಮನೆಯ ಹಾಗಲ್ಲ, ಅದರಿಂದ ಬೆಂಕಿ ಹತ್ತುವ ಭಯವಿರುವುದರಿಂದ ಹಡಗು ಹತ್ತುವಾಗಲೇ ಕಿತ್ತುಕೊಳ್ಳುತ್ತಾರೆ. ಸ್ಪೀಕರಿನಲ್ಲಿ ಗುಂಯ್ ಎಂದರೆ ಡಿಐ ಬಾಕ್ಸಿನ (ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ.

ಕರಾರಿಗೆ ಸಹಿ ಹಾಕುವ ಮೊದಲು ನಾಲ್ಕು ಕೇಳಿ: ವಾರಕ್ಕೆ ಎಷ್ಟು ಸೆಟ್, ಕೋಣೆ ಒಬ್ಬರದ್ದೋ ಇಬ್ಬರದ್ದೋ, ವಿಮಾನದ ಟಿಕೆಟ್ ಯಾರದ್ದು, ಸ್ಪೀಕರ್ ಮಿಕ್ಸರ್ ಹಡಗಿನದ್ದೋ ನಮ್ಮದೋ. ಆಯ್ಕೆಗೆ ವಿಡಿಯೋ ಕೇಳುತ್ತಾರೆ. ನಾಲ್ಕೈದು ನಿಮಿಷ ಸಾಕು. ಬೇರೆ ಬೇರೆ ಬಗೆಯ ಐದಾರು ಹಾಡಿನ ತುಣುಕು, ಜನರ ಎದುರೇ ಹಾಡಿದ್ದು, ನಡುವೆ ಇಂಗ್ಲಿಷಿನಲ್ಲಿ ಎರಡು ಮಾತು. ಸ್ಟುಡಿಯೋದಲ್ಲಿ ತಿದ್ದಿ ತೀಡಿದ್ದು ಬೇಡ. ಹುಡುಗನ ಹಾಡಿನ ಪಟ್ಟಿ 150 ದಾಟಿದ ಮೇಲೆ ಆ ವಿಡಿಯೋ ನನಗೆ ಕಳಿಸಿ. ಪೂರ್ತಿ ನೋಡಿ, ಎಲ್ಲಿ ಕುಂದು ಎಂದು ಹೇಳುತ್ತೇನೆ.