ಡಿ ಆಂಜಾದಿಂದ ಡೇವಿಸ್‌ಗೆ

ಏಪ್ರಿಲ್ 27, 2025, ಭಾನುವಾರ
ಸನ್ನಿವೇಲ್, ಕ್ಯಾಲಿಫೋರ್ನಿಯಾ

ಮಗಳು ಡೇವಿಸ್‌ಗೆ ಹೋಗುವುದು ಇವತ್ತು ಖಾಯಂ ಆಯಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಡೇವಿಸ್. ಮೆಕ್ಯಾನಿಕಲ್ ಎಂಜಿನಿಯರಿಂಗ್, ನೇರ ಮೂರನೇ ವರ್ಷಕ್ಕೆ. ಒಪ್ಪಿಗೆ ಕೊಡಲು ಜೂನ್ 1ರವರೆಗೆ ಟೈಮ್ ಇತ್ತು. ಆದರೆ ಎಲ್ಲ ಕಡೆಯ ಉತ್ತರವೂ ಬಂದಾಯಿತು, ಇನ್ನು ಕಾಯುವುದೇನು ಅಂತ ದೋಸೆ ತಿಂದು ಎದ್ದವಳೇ ಲ್ಯಾಪ್‌ಟಾಪ್ ತೆಗೆದು ಒಪ್ಪಿಗೆ ಒತ್ತಿಬಿಟ್ಟಳು. ನನಗಂತೂ ಹೇಳಲಾರದಷ್ಟು ಖುಷಿ. ಅವರಪ್ಪ ಊರಿಗೆಲ್ಲ ಫೋನ್ ಮಾಡುತ್ತಾ ಕೂತಿದ್ದಾರೆ. ನಾನು ಬರೆಯಲು ಕೂತೆ. ಕಮ್ಯುನಿಟಿ ಕಾಲೇಜಿನಿಂದ, ಅಂದರೆ ಡಿಗ್ರಿಯ ಮೊದಲ ಎರಡು ವರ್ಷದ ಓದು ಕಡಿಮೆ ಫೀಸಿಗೆ ಸಿಗುವ ಸರ್ಕಾರಿ ಕಾಲೇಜಿನಿಂದ, ಎಂಜಿನಿಯರಿಂಗ್‌ಗೆ ಹೋಗುವ ದಾರಿಯನ್ನು ಯಾರಾದರೂ ಕನ್ನಡದಲ್ಲಿ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈ ಮೂರು ವರ್ಷ ಅನ್ನಿಸುತ್ತಲೇ ಇತ್ತು.

ಹೈಸ್ಕೂಲಿನ ಕೊನೆಯವರೆಗೂ ಎಂಜಿನಿಯರಿಂಗ್ ಅವಳ ತಲೆಯಲ್ಲೇ ಇರಲಿಲ್ಲ. ಕ್ಯಾಲ್ಕುಲಸ್ ಓದಿರಲಿಲ್ಲ. ಕೊನೆ ವರ್ಷ ಶಾಲೆಯ ರೋಬೋಟ್ ತಂಡಕ್ಕೆ ಸುಮ್ನೆ ಗೆಳತಿಯ ಜೊತೆ ಹೋದವಳು ಗೇರು, ಮೋಟಾರು ಅಂತ ಅಲ್ಲೇ ಕೂತುಬಿಟ್ಟಳು. ಅಷ್ಟರಲ್ಲಿ ಅರ್ಜಿ ಹಾಕುವ ಕಾಲ ಮುಗಿದಿತ್ತು. ಹಾಗಾಗಿ ಕುಪರ್ಟಿನೋದ ಡಿ ಆಂಜಾ ಅನ್ನುವ ಕಮ್ಯುನಿಟಿ ಕಾಲೇಜು. ಅದನ್ನು ಹೇಳಿದಾಗ ನಮ್ಮ ಜನರ ಮುಖ ಒಂಥರಾ ಆಗುತ್ತಿತ್ತು. 'ಯಾಕ್ರೀ, ಎಲ್ಲೂ ಸಿಗಲಿಲ್ವಾ?' ಅಂತ ಯುಗಾದಿ ಊಟದ ಪಂಕ್ತಿಯಲ್ಲೇ ಕೇಳಿದವರಿದ್ದಾರೆ. ಮಗಳು ಪಕ್ಕದಲ್ಲೇ ಕೂತಿದ್ದಳು, ಒಬ್ಬಟ್ಟು ಮುಟ್ಟಲಿಲ್ಲ. ಅದು ನನಗೆ ಈಗಲೂ ಸಂಕಟ.

ಹಾಗೆ ಕೇಳುವವರಿಗೆ ಈ ರಾಜ್ಯದ ವ್ಯವಸ್ಥೆ ಗೊತ್ತಿಲ್ಲ. 1960ರಲ್ಲಿ ಇಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲ್ಯಾನ್ ಬಂತು. ಆಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯೂಸಿ) ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅದರ ಹಿಂದಿದ್ದವರು. ಹೈಸ್ಕೂಲಿನಲ್ಲಿ ಮುಂದಿರುವ ಎಂಟನೇ ಒಂದು ಭಾಗದವರಿಗೆ ಯೂಸಿ, ಮೂರನೇ ಒಂದು ಭಾಗದವರಿಗೆ ಸ್ಟೇಟ್ ಯೂನಿವರ್ಸಿಟಿ, ಬಾಗಿಲು ತಟ್ಟಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು. ಅಲ್ಲಿಂದ ಎರಡು ವರ್ಷದ ಓದು ಮುಗಿಸಿ ಮೇಲಕ್ಕೆ ಹೋಗುವ ದಾರಿಯನ್ನೂ ಆಗಲೇ ಇಟ್ಟರು. ಹಿತ್ತಲ ಬಾಗಿಲಲ್ಲ ಇದು, ಮನೆ ಕಟ್ಟುವಾಗಲೇ ಇಟ್ಟ ಬಾಗಿಲು. ದುಡ್ಡಿನ ಲೆಕ್ಕವೂ ಇದೆ. ಕ್ವಾರ್ಟರ್ ಪದ್ಧತಿಯ, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಅವಧಿಯ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ) 31 ಡಾಲರ್. ವರ್ಗಾವಣೆಗೆ ಬೇಕಾದ 90 ಯೂನಿಟ್‌ಗೆ 2,790 ಡಾಲರ್. ಯೂಸಿಯಲ್ಲಿ ಒಂದೇ ವರ್ಷದ ಫೀಸು 14 ಸಾವಿರದ ಮೇಲೆ.

ಊರಿನಲ್ಲಿ ಅಕ್ಕನ ಮಗ ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಡಿಸೆಟ್ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿದ. ಇದೂ ಹಾಗೇ ತಾನೇ ಅಂತ ಅಕ್ಕ ಕೇಳುತ್ತಾಳೆ. ಸ್ವಲ್ಪ ಹಾಗೇ, ಸ್ವಲ್ಪ ಬೇರೆ. ಅಲ್ಲಿ ರಾಜ್ಯಕ್ಕೆಲ್ಲ ಒಂದೇ ಪರೀಕ್ಷೆ, ರ್‍ಯಾಂಕು ಬಂತು, ಕೌನ್ಸೆಲಿಂಗ್‌ನಲ್ಲಿ ಸೀಟು ಸಿಕ್ಕಿತು, ಒಂದು ವರ್ಷದ ಓದು ಇಡಿಯಾಗಿ ಮಾಫಿ. ಕೊರತೆ ತುಂಬಲು ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಮ್ಯಾಟ್‌ಡಿಪ್ ಅಂತ ಹೆಚ್ಚುವರಿ ಗಣಿತ ಪೇಪರ್ ಹಾಕುತ್ತದೆ, ಅಷ್ಟೆ. ಇಲ್ಲಿ ಪರೀಕ್ಷೆಯೇ ಇಲ್ಲ. ನೀನು ಓದಿದ ಒಂದೊಂದು ಕೋರ್ಸೂ ಆ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಬೇರೆ ಬೇರೆಯಾಗಿ ನೋಡುತ್ತಾರೆ.

ಅದನ್ನು ನೋಡುವ ಜಾಗ ಅಸಿಸ್ಟ್ ಡಾಟ್ ಆರ್ಗ್ ಅನ್ನುವ ವೆಬ್‌ಸೈಟ್. ಕಾಲೇಜು, ಯೂನಿವರ್ಸಿಟಿ, ವಿಷಯ ಮೂರನ್ನೂ ಆರಿಸಿದರೆ ಒಂದು ಪಟ್ಟಿ ತೆರೆಯುತ್ತದೆ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸು, ಬಲಗಡೆ ನಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದು. ಕೆಲವು ಸಾಲಿನಲ್ಲಿ ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತ ಇರುತ್ತದೆ. ಅಂದರೆ ಇಲ್ಲಿ ಅದಿಲ್ಲ. ಅಂಥದ್ದನ್ನು ಅಕ್ಕಪಕ್ಕದ ಇನ್ನೊಂದು ಕಾಲೇಜಿನಲ್ಲಿ ಹುಡುಕಬೇಕು, ಇಲ್ಲದಿದ್ದರೆ ಹೋದ ಮೇಲೆ ಅಲ್ಲೇ ಓದಬೇಕು. ಈ ಪಟ್ಟಿ ಪ್ರತಿ ಯೂನಿವರ್ಸಿಟಿಗೂ ಬೇರೆ. ಡೇವಿಸ್ ಕೇಳಿದ್ದನ್ನು ಯೂಸಿಯದೇ ಇನ್ನೊಂದು ಕ್ಯಾಂಪಸ್ ಬರ್ಕ್ಲಿ ಕೇಳದೆ ಇರಬಹುದು, ಬರ್ಕ್ಲಿ ಕೇಳಿದ್ದನ್ನು ಸ್ಯಾನ್ ಹೋಸೆ ಸ್ಟೇಟ್ ಕೇಳದೆ ಇರಬಹುದು.

ನಾನು ಮದುವೆಗೆ ಮುಂಚೆ ಹಾಸನದಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ. ಆ ಪಟ್ಟಿ ನೋಡಿದ ತಕ್ಷಣ ನನಗೆ ಕಂಡಿದ್ದು ಕ್ರಿಟಿಕಲ್ ಪಾತ್, ಅಂದರೆ ಒಂದು ಮುಗಿಯದೆ ಇನ್ನೊಂದು ಶುರುವಾಗದ ಕೆಲಸಗಳ ಸರಪಳಿ. ಫುಟಿಂಗ್ ಆಗದೆ ಕಾಲಂ ಏಳಲ್ಲ, ಕಾಲಂ ಏಳದೆ ಸ್ಲ್ಯಾಬ್ ಇಲ್ಲ. ಒಂದು ಚಾರ್ಟ್ ಪೇಪರ್ ತಂದು ಊಟದ ಮೇಜಿನ ಮೇಲೆ ಹರಡಿ, ಕೊನೆಯ ಕೋರ್ಸಿನಿಂದ ಹಿಂದಕ್ಕೆ ಬರೆಯುತ್ತಾ ಬಂದೆವು. ಸರ್ಕ್ಯೂಟ್ಸ್ ತೆಗೆದುಕೊಳ್ಳಲು ಫಿಸಿಕ್ಸ್ 4ಬಿ ಅನ್ನುವ ಕೋರ್ಸು ಆಗಿರಬೇಕು. 4ಬಿಗೆ 4ಎ. ಸ್ಟ್ಯಾಟಿಕ್ಸ್‌ಗೂ (ಅಲುಗದೆ ನಿಂತ ವಸ್ತುಗಳ ಮೇಲಿನ ಬಲದ ಲೆಕ್ಕ) 4ಎ. ಫಿಸಿಕ್ಸ್ 4ಎಗೆ ಕ್ಯಾಲ್ಕುಲಸ್ ಬೇಕು. ಕ್ಯಾಲ್ಕುಲಸ್ಸೇ 1ಎಯಿಂದ 1ಡಿವರೆಗೆ ನಾಲ್ಕು ಕ್ವಾರ್ಟರ್, ಆಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್, ಲೀನಿಯರ್ ಆಲ್ಜೀಬ್ರಾ. ಇವಳು ಕ್ಯಾಲ್ಕುಲಸ್‌ಗೂ ಹಿಂದೆ, ಪ್ರೀಕ್ಯಾಲ್ಕುಲಸ್‌ನಿಂದ ಶುರು ಮಾಡಬೇಕಿತ್ತು. ಚಾರ್ಟಿನಲ್ಲಿ ಗೆರೆ ಎಳೆದು ನೋಡಿದರೆ ಮೂರು ವರ್ಷ. 'ಎರಡೇ ವರ್ಷ ಅಂತಾರಲ್ಲಮ್ಮ' ಅಂದಳು. ಎಂಜಿನಿಯರಿಂಗ್‌ಗೆ ಎರಡು ವರ್ಷ ಆಗುವುದು ಮೊದಲ ದಿನವೇ ಕ್ಯಾಲ್ಕುಲಸ್ ಕ್ಲಾಸಿನಲ್ಲಿ ಕೂತವರಿಗೆ ಮಾತ್ರ. ಅವರಿಗೂ ಎಲ್ಲೂ ಒಂದು ಕ್ವಾರ್ಟರ್ ತಪ್ಪುವಂತಿಲ್ಲ. ಮೂರು ವರ್ಷ ಅಂತ ಅವತ್ತೇ ಗೊತ್ತಾಗಿದ್ದು ಒಳ್ಳೆಯದಾಯಿತು. ಹಿಂದೆ ಬಿದ್ದೆ ಅನ್ನುವ ಚಿಂತೆ ಅವಳನ್ನು ತಿನ್ನಲಿಲ್ಲ.

ಪರಿಚಯದವರೊಬ್ಬರು 'ಮೊದಲು ಹಿಸ್ಟರಿ, ಇಂಗ್ಲಿಷು, ಆರ್ಟ್ಸು ಎಲ್ಲ ಮುಗಿಸಿಬಿಡಿ, ಆಮೇಲೆ ಗಣಿತ ನಿಧಾನಕ್ಕೆ' ಅಂತ ಹೇಳಿದ್ದರು. ಬೇರೆ ವಿಷಯದವರಿಗೆ ಅದು ಸರಿ ಇರಬಹುದು. ಎಂಜಿನಿಯರಿಂಗ್‌ಗೆ ಹೋಗುವ ಮಕ್ಕಳಿಗೆ ಅದು ತಿರುಗುಮುರುಗು. ಗಣಿತ ಮತ್ತು ಫಿಸಿಕ್ಸ್ ಒಂದು ಕ್ವಾರ್ಟರೂ ನಿಲ್ಲಬಾರದು, ಉಳಿದದ್ದು ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಇನ್ನೊಂದು ಮಾತು. ಬರ್ಕ್ಲಿ ಸೆಮಿಸ್ಟರ್ ಪದ್ಧತಿ, ಡಿ ಆಂಜಾ ಕ್ವಾರ್ಟರ್ ಪದ್ಧತಿ. ಕ್ಯಾಲ್ಕುಲಸ್‌ನಂಥ ಸರಣಿಯನ್ನು ಅರ್ಧಕ್ಕೆ ಬಿಟ್ಟು ಹೋದರೆ ಆ ಅರ್ಧ ಅಲ್ಲಿನ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಶುರು ಮಾಡಿದ ಸರಣಿಯನ್ನು ಅಲ್ಲೇ ಮುಗಿಸಿಕೊಂಡು ಹೊರಡಬೇಕು.

ಸ್ಟ್ಯಾಟಿಕ್ಸ್ ಓದಿದ ಕ್ವಾರ್ಟರ್ ನಮ್ಮಿಬ್ಬರಿಗೂ ಹಬ್ಬ. ನಾನು ಕಿಲೋನ್ಯೂಟನ್‌ನಲ್ಲಿ ಕಲಿತವಳು, ಅವಳ ಲೆಕ್ಕಗಳಲ್ಲಿ ಅರ್ಧಕ್ಕರ್ಧ ಪೌಂಡು, ಅಡಿ. ಆದರೂ ಟ್ರಸ್ (ಕಂಬಿಗಳನ್ನು ತ್ರಿಕೋನವಾಗಿ ಜೋಡಿಸಿದ ಚೌಕಟ್ಟು) ಅಂದರೆ ಟ್ರಸ್ಸೇ. ಒಂದು ರಾತ್ರಿ ಸೇತುವೆಯ ಟ್ರಸ್ ಬರೆದುಕೊಂಡು ಒಂದೊಂದೇ ಜಾಯಿಂಟ್ ಬಿಡಿಸುತ್ತಾ ಬಂದಳು. ಒಂದು ಜಾಯಿಂಟಿನಲ್ಲಿ ಮೂರು ಮೆಂಬರ್ (ಕಂಬಿ), ಎರಡು ಒಂದೇ ಸಾಲಿನಲ್ಲಿ, ಮೇಲೆ ಭಾರ ಇಲ್ಲ. 'ಅಮ್ಮಾ, ಈ ಮೂರನೆಯದರಲ್ಲಿ ಫೋರ್ಸು ಸೊನ್ನೆ ಬರ್ತಿದೆ. ಹಾಗಾದ್ರೆ ಅದನ್ನ ಯಾಕೆ ಹಾಕಿದಾರೆ?' ಸೇತುವೆ ಮೇಲೆ ಗಾಡಿ ಒಂದೇ ಕಡೆ ನಿಂತಿರುತ್ತಾ, ಭಾರ ಜರುಗಿದರೆ ಅದಕ್ಕೂ ಕೆಲಸ ಬರುತ್ತೆ, ಅದೂ ಅಲ್ಲದೆ ಉದ್ದನೆಯ ಮೆಂಬರ್ ಒತ್ತಡಕ್ಕೆ ಬಾಗದ ಹಾಗೆ ನಡುವೆ ಹಿಡಿದುಕೊಳ್ಳುತ್ತೆ ಅಂದೆ. ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. ಎಂಜಿನಿಯರಿಂಗ್ ಇವಳಿಗೆ ಒಗ್ಗುತ್ತದೆ ಅಂತ ನನಗೆ ಪೂರ್ತಿ ನಂಬಿಕೆ ಬಂದದ್ದು ಅವತ್ತು.

ಅರ್ಜಿಯ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಯೂಸಿಯ ಆರು ಕ್ಯಾಂಪಸ್‌ಗಳಲ್ಲಿ ಟ್ಯಾಗ್ ಅಂತ ಇದೆ. ಕೇಳಿದ ಕೋರ್ಸು, ಕೇಳಿದ ಜಿಪಿಎ (ಸರಾಸರಿ ಗ್ರೇಡು) ಇದ್ದರೆ ಸೀಟು ಖಾತ್ರಿ. ಸೆಪ್ಟೆಂಬರಿನಲ್ಲೇ ಹಾಕಬೇಕು, ಒಂದೇ ಕ್ಯಾಂಪಸ್‌ಗೆ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊದಲ್ಲಿ ಇದು ಇಲ್ಲ. ಸ್ಯಾಂಟಾ ಬಾರ್ಬರಾದಲ್ಲಿ ಇದ್ದರೂ ಎಂಜಿನಿಯರಿಂಗ್‌ಗೆ ಇಲ್ಲ, ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಟ್ಯಾಗ್ ಹಾಕಿದರೂ ಮಾಮೂಲಿ ಅರ್ಜಿ ಬೇರೆ ಹಾಕಲೇಬೇಕು. ಅದರಲ್ಲಿ ನಾಲ್ಕು ಸಣ್ಣ ಬರಹ, ಒಂದೊಂದು 350 ಪದದೊಳಗೆ. ಅದರಲ್ಲಿ ಒಂದು ಕಡ್ಡಾಯ: ಆರಿಸಿಕೊಂಡ ವಿಷಯಕ್ಕೆ ಹೇಗೆ ತಯಾರಾಗಿದ್ದೀಯ ಅಂತ. ಜನವರಿಯಲ್ಲಿ ಹೊಸ ಮಾರ್ಕ್ಸು, ಮುಂದಿನ ಕೋರ್ಸುಗಳ ವಿವರ ಮತ್ತೆ ತುಂಬಬೇಕು. ಅದನ್ನು ಮರೆತವರ ಅರ್ಜಿ ಅಲ್ಲೇ ನಿಂತುಬಿಡುವ ಭಯ ಇರುತ್ತದೆ.

ಇನ್ನೂ ಎಲ್ಲ ಮುಗಿದಿಲ್ಲ. ಜೂನ್ ಕೊನೆಯವರೆಗೆ ಕ್ಲಾಸಿದೆ, ಸರ್ಕ್ಯೂಟ್ಸ್ ಪರೀಕ್ಷೆ ಇದೆ. ಅರ್ಜಿಯಲ್ಲಿ ಬರೆದ ಕೋರ್ಸು ಬಿಡುವ ಹಾಗಿಲ್ಲ, ಗ್ರೇಡು ಇಳಿಯುವ ಹಾಗಿಲ್ಲ. ಸೀಟು ಕೊಟ್ಟ ಮೇಲೂ ಷರತ್ತು ಇದ್ದೇ ಇದೆ. ಫಾಲ್‌ನಲ್ಲಿ, ಅಂದರೆ ಸೆಪ್ಟೆಂಬರಿನಿಂದ ಶುರುವಾಗುವ ಕ್ವಾರ್ಟರಿನಲ್ಲಿ, ಥರ್ಮೋಡೈನಮಿಕ್ಸ್, ಫ್ಲೂಯಿಡ್ಸ್ ಎಲ್ಲ ಮೈಮೇಲೆ ಬರುತ್ತದೆ. ಎರಡು ವರ್ಷ ಅಲ್ಲೇ ಓದಿದ ಮಕ್ಕಳ ಜೊತೆ ಹೊಸಬಳಾಗಿ ಕೂರಬೇಕು. ಮೊದಲ ಕ್ವಾರ್ಟರ್ ಕಷ್ಟ ಅಂತ ಹೋದವರೆಲ್ಲ ಹೇಳುತ್ತಾರೆ. ಕ್ಯಾಪಿಟಲ್ ಕಾರಿಡಾರ್ ರೈಲು ಇಲ್ಲಿ ಸ್ಯಾಂಟಾ ಕ್ಲಾರಾದಿಂದ ಡೇವಿಸ್‌ಗೇ ಹೋಗುತ್ತದೆ, ಬೇಜಾರಾದರೆ ಶುಕ್ರವಾರ ಹತ್ತಿ ಬಾ ಅಂದಿದ್ದೇನೆ.

ಗೆಳತಿಯ ಮಗ ಈ ಫಾಲ್‌ನಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರುತ್ತಿದ್ದಾನೆ, ಅವನಿಗೂ ಎಂಜಿನಿಯರಿಂಗೇ ಬೇಕು. 2022ರ ಒಂದು ಕಾನೂನಿನಿಂದಾಗಿ ಇನ್ನು ಮುಂದೆ ಇಂಥ ವಿಷಯದ ಮಕ್ಕಳನ್ನು ಹೆಚ್ಚಾಗಿ ನೇರ ಕ್ಯಾಲ್ಕುಲಸ್‌ಗೇ ಕೂರಿಸುತ್ತಾರೆ. ಸಮಯ ಉಳಿಯುತ್ತದೆ, ನಿಜ. ಆದರೆ ತ್ರಿಕೋನಮಿತಿ ಗಟ್ಟಿ ಇಲ್ಲದ ಹುಡುಗನಿಗೆ ಅದು ದೊಡ್ಡ ಹೊರೆ, ಬೇಸಿಗೆಯಲ್ಲೇ ತಯಾರಿ ಬೇಕು. ಮುಂದಿನ ಶನಿವಾರ ತಾಯಿ, ಮಗ ಇಬ್ಬರೂ ಊಟಕ್ಕೆ ಬರುತ್ತಾರೆ. ಹೈಸ್ಕೂಲಿನ ಮಾರ್ಕ್ಸ್ ಕಾರ್ಡ್ ತರಲು ಹೇಳಿದ್ದೇನೆ. ಚಾರ್ಟ್ ಪೇಪರ್ ನಾನೇ ತಂದಿಡುತ್ತೇನೆ, ಪೆನ್ಸಿಲ್ ಹಿಡಿದು ವಿವರಿಸುವುದು ಮಗಳ ಕೆಲಸ ಅಂತ ಒಪ್ಪಿಕೊಂಡಿದ್ದಾಳೆ.