ಕೋಲಿನಿಂದ ತಾನಾಗೇ ಜಾರಿದರೆ ಬೆಂದಿದೆ ಅಂತ ಅರ್ಥ

ಕೋಲಿಗೆ ಹಿಟ್ಟು ಸುತ್ತಿ ಕ್ಯಾಂಪಿನ ಬೆಂಕಿಯಲ್ಲಿ ಸುಡುವ ಬಿಸ್ಕತ್ತನ್ನು ಮೊದಲ ಸಲ ಮಾಡಿದಾಗ ಹೊರಗೆಲ್ಲ ಕರ್ರಗೆ ಸೀದು ಹೋಗಿತ್ತು. ಒಳಗೆ ಹಿಟ್ಟು ಹಸಿಹಸಿಯಾಗಿ ಹಾಗೇ ಇತ್ತು. ನನ್ನ ಅಕ್ಕನ ಮಗಳಿಗೆ ಆಗ ಎಂಟು ವರ್ಷ. ಕ್ಯಾಂಪಿಗೆ ಹೊರಟಾಗಿನಿಂದ ಇದಕ್ಕೇ ಕಾಯುತ್ತಿದ್ದ ಮಗು ಒಂದು ತುಂಡು ಕಚ್ಚಿ, ಏನೂ ಹೇಳದೆ ಉಳಿದದ್ದನ್ನು ತಟ್ಟೆಯ ಅಂಚಿಗೆ ಇಟ್ಟಳು. ಚೆನ್ನಾಗಿಲ್ಲ ಅಂದಿದ್ದರೂ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಆಮೇಲೆ ಎಷ್ಟೋ ಸಲ ಮಾಡಿದ್ದೇನೆ. ಈಗ ಕೈ ಕುದುರಿದೆ. ಹೊಸದಾಗಿ ಮಾಡುವವರು ನನ್ನ ಹಾಗೆ ಹಿಟ್ಟು ಹಾಳು ಮಾಡಿಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ಬಿಸ್ಕತ್ತು ಅಂದರೆ ಚಹಾದಲ್ಲಿ ಅದ್ದಿ ತಿನ್ನುವ ಗರಿಗರಿ ಬಿಸ್ಕತ್ತಲ್ಲ. ಬೇಕಿಂಗ್ ಪೌಡರ್ ಹಾಕಿ ಉಬ್ಬಿಸುವ, ಬೆಣ್ಣೆ ಬೆರೆಸಿದ, ಬನ್ನಿನ ಹಾಗೆ ಮೆತ್ತಗಿರುವ ಬಿಸ್ಕತ್ತು. ಈಸ್ಟ್ ಬೇಡ, ಗಂಟೆಗಟ್ಟಲೆ ನೆನೆಸುವುದು ಬೇಡ, ಕಲಸಿದ ಹತ್ತು ನಿಮಿಷಕ್ಕೆ ಕೋಲಿಗೆ ಸುತ್ತಬಹುದು. ಬೆಂಕಿಯ ಪಕ್ಕ ಮಾಡಲು ಇದಕ್ಕಿಂತ ಸುಲಭದ ಹಿಟ್ಟು ನನಗಂತೂ ಸಿಕ್ಕಿಲ್ಲ.

250 ಗ್ರಾಂ ಮೈದಾ, ಮೂರು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ. ಇದಕ್ಕೆ 60 ಗ್ರಾಂ ತಣ್ಣಗಿನ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಬೇಕು, ಹಿಟ್ಟು ರವೆಯ ಹಾಗೆ ಆಗುತ್ತದೆ. ಆಮೇಲೆ ಹಾಲು. ಒಲೆಯಲ್ಲಿ ಬೇಯಿಸುವ ಬಿಸ್ಕತ್ತಿಗೆ ಹಾಕುವಷ್ಟು ಹಾಲು ಇಲ್ಲಿ ಬೇಡ. 150 ಮಿಲಿಲೀಟರ್ ಸಾಕು, ಅದನ್ನೂ ಸ್ವಲ್ಪ ಸ್ವಲ್ಪವೇ ಹಾಕಿ ನೋಡಬೇಕು. ಹಿಟ್ಟು ಕೈಗೆ ಅಂಟಬಾರದು. ನೀರಾದರೆ ಬೆಂಕಿಯ ಕಾವು ತಾಗಿದ ಕೂಡಲೇ ಸಡಿಲವಾಗಿ ಕೋಲಿನಿಂದ ಇಳಿದು ಬೂದಿಗೆ ಬೀಳುತ್ತದೆ. ತುಂಬಾ ನಾದಲೂಬಾರದು, ಮುದ್ದೆಯಾಗಿ ಕೂಡಿಕೊಂಡರೆ ಸಾಕು. ಜಾಸ್ತಿ ನಾದಿದಷ್ಟೂ ಹಿಟ್ಟಿಗೆ ಜಿಗುಟು ಬರುತ್ತದೆ, ಬೆಂದ ಮೇಲೆ ರಬ್ಬರಿನ ಹಾಗೆ ಎಳೆಯುತ್ತದೆ.

ದೂರದ ಜಾಗಕ್ಕೆ ಹೋಗುವಾಗ ಹಾಲಿನ ಬದಲು ಹಾಲಿನ ಪುಡಿಯನ್ನೇ ಒಣ ಹಿಟ್ಟಿಗೆ ಸೇರಿಸಿ, ಬೆಣ್ಣೆ ಉಜ್ಜಿ, ಗಟ್ಟಿ ಚೀಲದಲ್ಲಿ ತಣ್ಣಗೆ ಒಯ್ಯುತ್ತೇನೆ. ಅಲ್ಲಿ ಚೀಲಕ್ಕೇ ನೀರು ಹಾಕಿ ಹಿಸುಕಿದರೆ ಮುಗಿಯಿತು. ಪಾತ್ರೆ ತೊಳೆಯುವ ಕೆಲಸವೂ ಇಲ್ಲ.

ಈಗ ಬೆಂಕಿ. ನಾನು ಮೊದಲು ತಪ್ಪಿದ್ದು ಇಲ್ಲೇ. ಉರಿ ಎದ್ದದ್ದು ಕಂಡ ಕೂಡಲೇ ಕೋಲು ಹಿಡಿದುಬಿಟ್ಟೆ. ಉರಿಯ ನಾಲಿಗೆ ತಾಗಿದರೆ ಹಿಟ್ಟಿನ ಮೇಲೆ ಮಸಿ ಕೂರುತ್ತದೆ, ಮೇಲ್ಮೈ ಒಂದೇ ನಿಮಿಷದಲ್ಲಿ ಕಪ್ಪಾಗುತ್ತದೆ, ಆದರೆ ಒಳಗೆ ಕಾವು ಹೋಗಲು ಸಮಯವೇ ಸಿಗುವುದಿಲ್ಲ. ಹಿಟ್ಟಿನೊಳಗೆ ಶಾಖ ನಿಧಾನಕ್ಕೆ ಹೋಗುತ್ತದೆ, ಬೆಂಕಿ ಎಷ್ಟೇ ಜೋರಿದ್ದರೂ ಅಷ್ಟೇ. ಅದಕ್ಕೇ ಬೇಕಾದದ್ದು ಕೆಂಡ. ದಪ್ಪ ಕಟ್ಟಿಗೆ ಉರಿದು, ಉರಿ ಇಳಿದು, ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕೂರಬೇಕು. ಬೆಂಕಿ ಹಚ್ಚಿ ಮುಕ್ಕಾಲು ಗಂಟೆಯಾದರೂ ಕಾಯಬೇಕಾಗುತ್ತದೆ. ಆ ಹೊತ್ತಲ್ಲೇ ನಾನು ಹಿಟ್ಟು ಕಲಸಿ, ಕೋಲು ನೆನೆಸಿ ಮುಗಿಸುತ್ತೇನೆ.

ಕೆಂಡ ಹದಕ್ಕೆ ಬಂದಿದೆಯಾ ಅಂತ ಕೈಯಿಂದಲೇ ನೋಡಬಹುದು. ಹಿಟ್ಟು ಹಿಡಿಯುವ ಎತ್ತರದಲ್ಲಿ, ಅಂದರೆ ಸುಮಾರು ಒಂದು ಗೇಣು ಮೇಲೆ, ಅಂಗೈ ಚಾಚಿ ಎಣಿಸಿ. ನಾಲ್ಕೈದು ಸೆಕೆಂಡ್ ತಡೆದುಕೊಳ್ಳಲು ಆದರೆ ಸರಿಯಾಗಿದೆ. ಎರಡಕ್ಕೇ ಕೈ ಹಿಂದೆ ಬಂದರೆ ಕಾವು ಜಾಸ್ತಿ, ಸ್ವಲ್ಪ ಮೇಲೆ ಹಿಡಿಯಿರಿ ಅಥವಾ ಕೆಂಡ ಹರಡಿ.

ಕೋಲಿನ ಬಗ್ಗೆ ಜನ ಅಷ್ಟಾಗಿ ಯೋಚಿಸುವುದಿಲ್ಲ, ಆದರೆ ಅರ್ಧ ಕೆಲಸ ಅದರದ್ದೇ. ಒಂದು ಮೀಟರ್ ಹತ್ತಿರ ಉದ್ದ ಇರಲಿ, ಮಕ್ಕಳು ಬೆಂಕಿಯಿಂದ ದೂರ ನಿಲ್ಲಬಹುದು. ಮರ ಯಾವುದು ಅಂತ ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡಿ. ಕಣಗಿಲೆ ಗಿಡ ನೋಡಲು ಚೆಂದ, ಕಡ್ಡಿಯೂ ನೆಟ್ಟಗೆ ಇರುತ್ತದೆ, ಆದರೆ ಬೇರಿನಿಂದ ಎಲೆಯ ತನಕ ಪೂರ್ತಿ ವಿಷ. ಬಣ್ಣ ಬಳಿದ ಅಥವಾ ಗೆದ್ದಲು ಹಿಡಿಯದಿರಲಿ ಅಂತ ರಾಸಾಯನಿಕ ಹಾಕಿದ ಮರವೂ ಬೇಡ. ನಾನು ಬಣ್ಣ ಹಾಕದ ದುಂಡನೆಯ ಮರದ ಕೋಲು ಮನೆಯಿಂದಲೇ ಒಯ್ಯುತ್ತೇನೆ, ಅರ್ಧ ಗಂಟೆ ನೀರಲ್ಲಿ ನೆನೆಸುತ್ತೇನೆ. ಹಿಟ್ಟು ಸುತ್ತುವ ತುದಿಯನ್ನು ಮೊದಲು ಒಂದೆರಡು ನಿಮಿಷ ಕೆಂಡದ ಮೇಲೆ ತಿರುಗಿಸಿ ಬಿಸಿ ಮಾಡಿ, ಆಮೇಲೆ ಬೆಣ್ಣೆ ಸವರಿ. ಮರದ ಮೂಲಕ ಕಾವು ಒಳಗೆ ಬರುವುದಿಲ್ಲ ಅಲ್ವಾ, ಹಾಗಾಗಿ ಈ ಬಿಸಿ ಒಂದೇ ಹಿಟ್ಟಿಗೆ ಒಳಗಿನಿಂದ ಸಿಗುವ ಸಹಾಯ.

ಸುತ್ತಲು ಎರಡು ದಾರಿ. ಒಂದು, ಹಿಟ್ಟನ್ನು ಕಿರುಬೆರಳಿನಷ್ಟು ದಪ್ಪಕ್ಕೆ ಹಗ್ಗದ ಹಾಗೆ ಹೊಸೆದು ಬಳ್ಳಿಯಂತೆ ಸುತ್ತುವುದು. ಸುತ್ತುಗಳ ನಡುವೆ ಸ್ವಲ್ಪ ಜಾಗ ಬಿಡಬೇಕು, ಯಾಕೆಂದರೆ ಉಬ್ಬಿದಾಗ ಒಂದಕ್ಕೊಂದು ಅಂಟಿಕೊಂಡರೆ ಅಲ್ಲೇ ಹಸಿ ಉಳಿಯುತ್ತದೆ. ಎರಡನೆಯದು ನನಗೆ ಪ್ರಿಯವಾದದ್ದು. ಮೂರು ಸೆಂಟಿಮೀಟರ್ ದಪ್ಪದ ಕೋಲಿನ ತುದಿಗೆ ಹಿಟ್ಟನ್ನು ಟೋಪಿಯ ಹಾಗೆ ಮುಚ್ಚಬೇಕು. ತುದಿಯಲ್ಲಿ ತೂತು ಉಳಿಯಬಾರದು, ಎಲ್ಲ ಕಡೆ ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರಬಾರದು. ಬೆಂದ ಮೇಲೆ ಎಳೆದರೆ ಪುಟ್ಟ ಲೋಟ ಸಿಗುತ್ತದೆ. ಅದರೊಳಗೆ ಏನು ಬೇಕಾದರೂ ತುಂಬಬಹುದು!

ಸುಡುವಾಗ ಕೋಲನ್ನು ತಿರುಗಿಸುತ್ತಲೇ ಇರಬೇಕು. ಮೊದಲ ಕೆಲವು ನಿಮಿಷ ಏನೂ ಆಗದ ಹಾಗೆ ಕಾಣುತ್ತದೆ, ಮಕ್ಕಳು ಚಡಪಡಿಸುತ್ತಾರೆ, ಕೋಲನ್ನು ಕೆಂಡಕ್ಕೆ ಇನ್ನೂ ಹತ್ತಿರ ತರುತ್ತಾರೆ. ಬೇಡ ಅನ್ನಿ. ಬೇಕಿಂಗ್ ಪೌಡರ್ ಒದ್ದೆಯಾದಾಗ ಒಂದು ಸಲ, ಬಿಸಿಯಾದಾಗ ಇನ್ನೊಂದು ಸಲ ಗಾಳಿ ಬಿಡುತ್ತದೆ. ಆ ಎರಡನೆಯದು ಈಗ ಒಳಗೆ ನಡೆಯುತ್ತಿರುತ್ತದೆ. ಹೊರಗಿನ ಪದರ ಬೇಗ ಗಟ್ಟಿಯಾದರೆ ಹಿಟ್ಟಿಗೆ ಉಬ್ಬಲು ಜಾಗವೇ ಇರುವುದಿಲ್ಲ. ಆಮೇಲೆ ಬಣ್ಣ ತಿಳಿ ಹಳದಿಗೆ ತಿರುಗಿ, ಮೇಲ್ಮೈ 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಂದು ಏರುತ್ತದೆ. ಆ ಪರಿಮಳ ಬಂದಾಗ ಸುತ್ತ ಕೂತವರೆಲ್ಲ ಮಾತು ನಿಲ್ಲಿಸಿ ಕೋಲಿನ ಕಡೆ ನೋಡುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಗಳಿಗೆ ಅದು.

ಟೋಪಿಗೆ ಐದರಿಂದ ಎಂಟು ನಿಮಿಷ, ಸುತ್ತಿದ್ದಕ್ಕೆ ಹತ್ತರ ಹತ್ತಿರ. ಆದರೆ ಗಡಿಯಾರ ನಂಬಬೇಡಿ, ಗಾಳಿ ಬೀಸಿದರೆ ಲೆಕ್ಕವೇ ತಪ್ಪುತ್ತದೆ. ಬಣ್ಣವನ್ನೂ ನಂಬಬೇಡಿ. ಕೆಂಡದಿಂದ ಆಚೆ ತಂದು, ಸ್ವಚ್ಛ ಬಟ್ಟೆಯಲ್ಲಿ ಹಿಡಿದು, ಮೆಲ್ಲಗೆ ತಿರುಚಿ. ತಾನಾಗೇ ಜಾರಿದರೆ ಒಳಗಿನ ಪದರ ಬೆಂದಿದೆ. ಅಂಟಿಕೊಂಡು ಎಳೆದರೆ ಇನ್ನೂ ಹಸಿ, ಸ್ವಲ್ಪ ಎತ್ತರದಲ್ಲಿ ಮತ್ತೆರಡು ನಿಮಿಷ ಹಿಡಿಯಿರಿ. ಹಸಿ ಮೈದಾದಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ. ಹಾಗಾಗಿ ರುಚಿಗಾಗಿ ಮಾತ್ರ ಅಲ್ಲ, ಮಕ್ಕಳ ಆರೋಗ್ಯಕ್ಕಾಗಿಯೂ ಇದನ್ನು ನೋಡಲೇಬೇಕು. ಕಲಸುವಾಗ ಹಿಟ್ಟು ಚಿವುಟಿ ಬಾಯಿಗೆ ಹಾಕಿಕೊಳ್ಳುವುದನ್ನೂ ಬಿಡಿಸಿ.

ತುಂಬುವ ಮೊದಲು ಎರಡು ನಿಮಿಷ ಆರಲು ಬಿಡಿ. ಒಳಗಿನ ಹಬೆ ಬಾಯಿ ಸುಡುತ್ತದೆ, ಕೆನೆ ಹಾಕಿದರೆ ಕರಗಿ ಕೆಳಗೆ ಸುರಿಯುತ್ತದೆ. ಜಾಮ್, ಜೇನು, ಚಾಕೊಲೇಟ್ ಚೂರು, ಕಿವುಚಿದ ಬಾಳೆಹಣ್ಣು ಎಲ್ಲ ಹೊಂದುತ್ತದೆ. ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸುವುದಿದ್ದರೆ ಬೆಂದ ಮೇಲೆ ಬೆಣ್ಣೆ ಸವರಿ ಹೊರಳಿಸಿ. ಮೊದಲೇ ಹಚ್ಚಿದರೆ ಹಿಟ್ಟು ಬೇಯುವ ಮುಂಚೆ ಸಕ್ಕರೆ ಸೀದು ಕಹಿಯಾಗುತ್ತದೆ.

ಮುಂದಿನ ಸಲ ಅಕ್ಕನ ಮಗಳಿಗೆ ಟೋಪಿ ಮಾಡಲು ಹೇಳಿಕೊಟ್ಟೆ. ತಾನೇ ಹಿಟ್ಟು ತಟ್ಟಿದಳು, ತಾನೇ ತಿರುಗಿಸಿದಳು, ಒಂದು ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿದಳು. ಬಟ್ಟೆಯಲ್ಲಿ ಹಿಡಿದು ತಿರುಚಿ, "ಚಿಕ್ಕಮ್ಮಾ, ಬಂತು ಬಂತು!" ಅಂತ ಕೂಗಿದಳು. ಒಳಗೆ ಎರಡು ಚಮಚ ಜಾಮ್ ಹಾಕಿ, ಮೊದಲ ತುತ್ತು ನನಗೆ ಕೊಟ್ಟಳು.

ಏಳುವ ಮುಂಚೆ ಕೆಂಡಕ್ಕೆ ನೀರು ಹಾಕಿ, ಕಲಕಿ, ಮತ್ತೆ ನೀರು ಹಾಕಿ, ಬೂದಿ ಕೈಗೆ ತಣ್ಣಗೆ ತಾಗುವ ತನಕ ನೋಡಿಯೇ ಹೊರಟೆವು. ಅವಳ ಕೋಲು ಮಾತ್ರ ಬಿಟ್ಟು ಬರಲು ಅವಳು ಒಪ್ಪಲಿಲ್ಲ. ತೊಳೆದು ಒಣಗಿಸಿ, ಹೆಸರು ಕೆತ್ತಿಸಿಕೊಂಡು, ಈಗ ಪ್ರತಿ ಸಲ ಅದನ್ನೇ ತರುತ್ತಾಳೆ.