ಚೀಲದ ಮೇಲಿನ 60

ಬಳ್ಳಾರಿಯ ಹೋಟೆಲೊಂದರ ಮೈಕ್ರೋಬ್ರೂವರಿಯಲ್ಲಿ ನಾನು ಬ್ರೂವರ್ ಆಗಿದ್ದೇನೆ. ಅಂದು 500 ಲೀಟರ್ ಕೆಂಬಣ್ಣದ ಬಿಯರಾದ ಆಂಬರ್ ಏಲ್‌ಗಾಗಿ ನೀರು 72 ಡಿಗ್ರಿಗೆ ಬಂದಿತ್ತು, ಬೇಸ್ ಮಾಲ್ಟ್ (ಬಿಯರಿನ ಮುಖ್ಯ ಧಾನ್ಯ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಿಲ್ಲಿನಿಂದ ಇಳಿದಿತ್ತು, ಬಣ್ಣ, ಸಿಹಿ ಕೊಡುವ 8 ಕಿಲೋ ಕ್ರಿಸ್ಟಲ್ ಮಾಲ್ಟ್ ಮಾತ್ರ ಸೇರಬೇಕಿತ್ತು. ಹೊಸ ಚೀಲ ಬಿಚ್ಚಿದರೆ ಕಾಳಿನ ಬಣ್ಣ ತೀರ ತಿಳಿ. ಒಂದು ಕಾಳನ್ನು ಬ್ಲೇಡಿನಿಂದ ಸೀಳಿದೆ. ಒಳಗಿನ ತಿರುಳು ಗಾಜಿನಂತೆ ಹೊಳೆಯುತ್ತಿದ್ದುದರಿಂದ ಅದು ಕ್ರಿಸ್ಟಲ್ ಎಂಬುದರಲ್ಲಿ ಸಂಶಯವಿರಲಿಲ್ಲ, ಆದರೆ ಅಗಿದಾಗ ಬರಿಯ ಸಿಹಿ ಸಿಕ್ಕಿತೇ ಹೊರತು ಕಡು ಕ್ಯಾರಮೆಲ್ ರುಚಿ ಸಿಗಲಿಲ್ಲ.

"ಎರಡರಾಗೂ ಅರವತ್ತೇ ಐತಲ್ರೀ ಸರ್, ಮತ್ತೇನು ಫರಕು?" ಎಂದರು ಸ್ಟೋರಿನವರು. ಅಮೆರಿಕದ ಹೋಮ್‌ಬ್ರೂ ರೆಸಿಪಿಯಿಂದ ಬೆಳೆಸಿದ ನಮ್ಮ ಪಟ್ಟಿಯಲ್ಲಿದ್ದದ್ದು 60 ಲೋವಿಬಾಂಡ್, ಯುರೋಪಿನ ಚೀಲದ ಮೇಲಿದ್ದದ್ದು 60 ಇಬಿಸಿ; ಎರಡೂ ಬಣ್ಣದ ಗಾಢತೆಯ ಅಳತೆಮಾನಗಳೇ, ಆದರೆ ಬೇರೆ ಬೇರೆ. ಮಾಲ್ಟಿನ ಲೋವಿಬಾಂಡನ್ನು ಸುಮಾರು 2.65ರಿಂದ ಗುಣಿಸಿದರೆ ಇಬಿಸಿ ಬರುತ್ತದೆ. ಅಂದರೆ ನಮಗೆ ಬೇಕಿದ್ದದ್ದು 158ರ ಆಸುಪಾಸಿನ ಮಾಲ್ಟ್.

ಬೆಂಗಳೂರಿನಿಂದ ಬೇರೆ ಚೀಲ ಬರುವವರೆಗೆ ನುರಿದ ಮಾಲ್ಟನ್ನು ಇಟ್ಟುಕೊಂಡು ಕೂರುವಂತಿರಲಿಲ್ಲ. ಇದೇ ಮಾಲ್ಟನ್ನು 21 ಕಿಲೋ ಹಾಕಿದರೆ ಬಣ್ಣ ಸರಿಹೋಗುತ್ತಿತ್ತು, ಬಿಯರು ಮಾತ್ರ ಬಾಯಿಗೆ ಅಂಟುವಷ್ಟು ಸಿಹಿಯಾಗುತ್ತಿತ್ತು. ಪೋರ್ಟರ್ ಎಂಬ ಗಾಢ ಬಣ್ಣದ ಬಿಯರಿಗೆಂದು ತರಿಸಿ ಉಳಿದಿದ್ದ ಬ್ರೌನ್ ಮಾಲ್ಟ್ ಬಣ್ಣದಲ್ಲಿ ಹತ್ತಿರವಿತ್ತು. ಆದರೆ ಹುರಿಯುವ ಮೊದಲೇ ಸಿಪ್ಪೆಯೊಳಗಿನ ಪಿಷ್ಟ ಸಕ್ಕರೆಯಾಗುವುದು ಕ್ರಿಸ್ಟಲ್‌ನಲ್ಲಿ, ಒಣಗಿಸಿ ಹುರಿದ ಬ್ರೌನ್ ಮಾಲ್ಟಿನಲ್ಲಿ ಅಲ್ಲ; ಅದರಿಂದ ಆ ಸಿಹಿ ಬಾರದು. ಕೊನೆಗೆ ಸಿಹಿಗೂ ಬಣ್ಣಕ್ಕೂ ಬೇರೆ ಬೇರೆ ಲೆಕ್ಕ ಹಾಕಿದೆ. ಕ್ರಿಸ್ಟಲ್ 8 ಕಿಲೋ ಹಾಗೆಯೇ ಇರಲಿ, ಕೊರತೆ ಬಿದ್ದ ಬಣ್ಣಕ್ಕೆ 1300 ಇಬಿಸಿಯ ಬ್ಲ್ಯಾಕ್ ಮಾಲ್ಟ್ 600 ಗ್ರಾಂ ಸಾಕು. 1817ರಲ್ಲಿ ಡೇನಿಯಲ್ ವೀಲರ್ ಪೇಟೆಂಟ್ ಪಡೆದ ವಿಧಾನದಿಂದ ಬಂದ ಈ ಮಾಲ್ಟನ್ನು ಆಗಿನ ಪೋರ್ಟರ್ ತಯಾರಕರು ಬಳಸಿದ್ದೂ ಮುಖ್ಯವಾಗಿ ಬಣ್ಣಕ್ಕೇ. ಅಡುಗೆಮನೆಯ ತಕ್ಕಡಿ ತರಿಸಿ ತೂಗಿದೆ; ಕಹಿ ಇಳಿಯದಿರಲೆಂದು ಮ್ಯಾಶ್ (ಬಿಸಿನೀರಿನಲ್ಲಿ ಮಾಲ್ಟ್ ನೆನೆಸುವ ಹಂತ) ಮುಗಿಯುವ ಹೊತ್ತಿಗೆ ಮೇಲೆ ಹರಡಿದೆ. ಮಾಲ್ಟಿನಿಂದ ಇಳಿದ ಸಿಹಿ ದ್ರವ, ಅಂದರೆ ವೋರ್ಟ್, ತಿಳಿಯಾಗಿ ಹರಿಯತೊಡಗಿ ಗ್ಲಾಸಿನಲ್ಲಿ ಕೆಂಪು ಕಾಣುವವರೆಗೆ ನಾನು ಕವಾಟದ ಬಳಿಯಿಂದ ಕದಲಲಿಲ್ಲ.

ಬಣ್ಣವೇನೋ ಹೊಂದಿತು, ಒಣದ್ರಾಕ್ಷಿಯ ಆ ಹಿನ್ನೆಲೆ ರುಚಿ ಬರಲಿಲ್ಲ. ಅದನ್ನು ಬ್ಲ್ಯಾಕ್ ಮಾಲ್ಟ್ ತಂದುಕೊಡಲಾರದು. ಈ ಬ್ಯಾಚನ್ನು ಬೇರೆ ಹೆಸರಿನಲ್ಲಿ ಕೊಡೋಣವೆಂದು ಕೇಳಿಕೊಂಡೆ, ಆಡಳಿತದವರು ಒಪ್ಪಲಿಲ್ಲ. ಕುಡಿಯುವವರಿಗೆ ಅದನ್ನು ತಿಳಿಸಬೇಕಿತ್ತೆಂದೇ ನಾನು ಈಗಲೂ ನಂಬುತ್ತೇನೆ. ಖರೀದಿ ಫಾರಂನಲ್ಲಿ ಬಣ್ಣದ ಸಂಖ್ಯೆಗೆ ಜಾಗವಿದೆ, ಅಳತೆಮಾನಕ್ಕೆ ಇನ್ನೂ ಇಲ್ಲ. ಪ್ರತಿ ಆರ್ಡರಿನಲ್ಲೂ ಇಬಿಸಿ ಎಂದು ಕೆಂಪು ಪೆನ್ನಿನಲ್ಲಿ ಬರೆದು ಕಳುಹಿಸುತ್ತಿದ್ದೇನೆ.